ಬೀದರಿಗೆ ಕಾರು ಬೇಕೇ ಬೇಕೆಂಬ ಸುಳ್ಳು

ಬೀದರ್ ನೋಡಬೇಕಾದರೆ ಸ್ವಂತ ಕಾರಿರಬೇಕು, ಇಲ್ಲವೆ ದಿನದ ಬಾಡಿಗೆಗೆ ಒಂದನ್ನು ಗೊತ್ತು ಮಾಡಿಕೊಳ್ಳಬೇಕು. ಈ ಮಾತನ್ನು ಬೆಂಗಳೂರಿನ ಪ್ರವಾಸಿ ಏಜೆಂಟರು ಹೇಳುತ್ತಾರೆ, ಹೈದರಾಬಾದಿನಿಂದ ಭಾನುವಾರ ಬಂದು ಸಂಜೆಗೆ ಮರಳುವವರು ಹೇಳುತ್ತಾರೆ, ಬೀದರಿನ ಲಾಡ್ಜಿನ ಕೌಂಟರಿನಲ್ಲಿ ಕೂತವರೂ ಹೇಳುತ್ತಾರೆ. ‘ಗಾಡಿ ಇಲ್ಲಂದ್ರ ಏನ್ ನೋಡ್ತೀರಿ, ಎಲ್ಲಾ ದೂರ ದೂರ ಅದಾವ್ರೀ’ ಎಂಬ ಮಾತು ಕೇಳಿ ಎಷ್ಟೋ ಮಂದಿ ಬರುವ ಯೋಚನೆಯನ್ನೇ ಕೈಬಿಡುತ್ತಾರೆ. ಮಹಾರಾಷ್ಟ್ರ ಮತ್ತು ತೆಲಂಗಾಣ ಮೂರು ಕಡೆಯಿಂದ ಸುತ್ತುವರಿದಿರುವ, ರಾಜಧಾನಿಯಿಂದ ಸುಮಾರು 700 ಕಿಲೋಮೀಟರ್ ದೂರದ ಈ ಜಿಲ್ಲೆಯನ್ನು ದಕ್ಷಿಣದ ಜನ ಒಂದು ದ್ವೀಪವೆಂದೇ ಎಣಿಸಿದ್ದಾರೆ. ಆ ದ್ವೀಪಕ್ಕೆ ಕಾರೊಂದೇ ದೋಣಿ ಎಂದು ನಂಬಿದ್ದಾರೆ. ಈ ನಂಬಿಕೆ ತಪ್ಪು. ಇದರಿಂದ ಜಿಲ್ಲೆಗೆ ನಷ್ಟವೂ ಆಗುತ್ತಿದೆ.

ಮೊದಲು ದೂರದ ಮಾತು. ಬಹಮನಿ ಸುಲ್ತಾನ ಅಹ್ಮದ್ ಷಾ ಕಲಬುರಗಿಯಿಂದ ಬೀದರಿಗೆ ರಾಜಧಾನಿ ತಂದದ್ದು 15ನೇ ಶತಮಾನದ ಮೊದಲ ಅರ್ಧದಲ್ಲಿ. ಮೋಟಾರು ಗಾಡಿ ಹುಟ್ಟುವುದಕ್ಕೆ ನಾಲ್ಕು ಶತಮಾನಗಳಿಗೂ ಹಿಂದೆ, ಕಾಲ್ನಡಿಗೆಯ ಜನರಿಗಾಗಿ ಕಟ್ಟಿದ ಊರು ಇದು. ಇಲ್ಲಿನ ಅಳತೆಯೆಲ್ಲ ಮನುಷ್ಯನ ಹೆಜ್ಜೆಯದು. ಕೋಟೆಯ ಬಾಗಿಲಿನಿಂದ ಹೊರಬಿದ್ದು ಊರಿನ ಕಡೆ ನಡೆದರೆ ಮಹಮೂದ್ ಗವಾನನ ಮದರಸಾ ಸಿಗುತ್ತದೆ. ಅದೇ ಬೀದಿ ಮುಂದೆ ಊರ ನಡುವಿನ ಚೌಬಾರಾ ಗೋಪುರಕ್ಕೆ ಒಯ್ಯುತ್ತದೆ. ಎಲ್ಲೂ ನಿಲ್ಲದೆ ನಡೆದರೆ ಅರ್ಧ ಗಂಟೆಯ ದಾರಿ. ಆದರೆ ನಿಲ್ಲದೆ ನಡೆಯಲು ಆ ಬೀದಿ ಬಿಡುವುದಿಲ್ಲ.

ಗವಾನನ ಮದರಸಾ 1472ರದು. ಪರ್ಷಿಯಾದಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದವನು ಕಟ್ಟಿಸಿದ ಮೂರಂತಸ್ತಿನ ವಿದ್ಯಾಲಯ. 17ನೇ ಶತಮಾನದ ಕೊನೆಯಲ್ಲಿ ಸಿಡಿಲು ಬಡಿದು, ಒಳಗೆ ಕೂಡಿಟ್ಟಿದ್ದ ಮದ್ದು ಸಿಡಿದು, ಕಟ್ಟಡದ ಒಂದು ಪಾಲೇ ಹಾರಿಹೋಯಿತು. ಉಳಿದಿರುವ ಒಂದೇ ಮಿನಾರಿನ ಮೇಲೆ ನೀಲಿ, ಹಸಿರು ಬಣ್ಣದ ಹೆಂಚಿನ ತುಣುಕುಗಳು ಇನ್ನೂ ಅಂಟಿಕೊಂಡಿವೆ. ಅವು ಕಾರಿನ ಕಿಟಕಿಯಿಂದ ಕಾಣುವುದಿಲ್ಲ. ಗೋಡೆಯ ಬುಡದಲ್ಲಿ ನಿಂತು ಕತ್ತೆತ್ತಿ ನೋಡಬೇಕು, ಬಿಸಿಲು ಇನ್ನೊಂದು ಮಗ್ಗುಲಿಗೆ ಸರಿಯುವವರೆಗೆ ಕಾದು ಮತ್ತೆ ನೋಡಬೇಕು. ಅಲ್ಲಿಂದ ಚೌಬಾರಾದ ಕಡೆ ಹೊರಟರೆ ಓಣಿಗಳಲ್ಲಿ ಬಿದರಿ ಕೆಲಸದವರ ಅಂಗಡಿಗಳು. ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಗೀರಿದ ಗೆರೆಗಳಲ್ಲಿ ಬೆಳ್ಳಿ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕುದಿಸಿ ತಿಕ್ಕಿದಾಗ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಈ ಕಲೆಗೆ 2006ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಬೀದರಿನ ಷಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಕಾರಿನಲ್ಲಿ ಬಂದವರಿಗೆ ಈ ಬೀದಿ ಗಾಡಿ ನಿಲ್ಲಿಸಲು ಜಾಗವಿಲ್ಲದ ಇಕ್ಕಟ್ಟಿನ ಬೀದಿ. ಅವರು ಹಾರ್ನ್ ಹೊಡೆಯುತ್ತ ದಾಟಿಹೋಗುತ್ತಾರೆ, ಆಮೇಲೆ ಹೆದ್ದಾರಿ ಪಕ್ಕದ ಯಾವುದೋ ಅಂಗಡಿಯಲ್ಲಿ ಬಿದರಿ ಕೊಳ್ಳುತ್ತಾರೆ. ನಡೆದು ಬಂದವನು ಉಳಿಯ ಸದ್ದು ಕೇಳಿ ನಿಲ್ಲುತ್ತಾನೆ, ಒಳಗೆ ಕೂತ ಕುಶಲಕರ್ಮಿಯ ಕೈಯಿಂದಲೇ ಕೊಳ್ಳುತ್ತಾನೆ. ಆ ಹಣ ಯಾರ ಮನೆ ಸೇರುತ್ತದೆ ಎಂಬುದೂ ಪ್ರವಾಸೋದ್ಯಮದ ಲೆಕ್ಕವೇ.

ಹೊರಗಿನಿಂದ ಬಂದು ಬೀದರಿನ ಬಗ್ಗೆ ಬರೆದಿಟ್ಟವರಲ್ಲಿ ಹೆಸರಾದವನು ರಷ್ಯಾದ ತ್ವೇರ್ ಊರಿನ ವ್ಯಾಪಾರಿ ಅಫಾನಾಸಿ ನಿಕಿತಿನ್. 1470ರ ಆಸುಪಾಸಿನಲ್ಲಿ ಸಮುದ್ರ ದಾಟಿ ಚೌಲ್ ಬಂದರಿನಲ್ಲಿ ಇಳಿದು, ಜುನ್ನರ್ ಮೇಲೆ ಬೀದರಿಗೆ ಬಂದ. ಮಾರಲೆಂದು ಜೊತೆಗೆ ತಂದಿದ್ದ ಕುದುರೆಯನ್ನು ಬೀದರಿನಲ್ಲೇ ಮಾರಿದ. ಸುಲ್ತಾನನ ಅರಮನೆಯ ಏಳು ಬಾಗಿಲುಗಳು, ಕಾವಲುಗಾರರು, ಮೆರವಣಿಗೆಗಳು, ಊರವರ ಊಟ ಉಡುಗೆಗಳ ಬಗ್ಗೆ ಅವನು ಬರೆದದ್ದನ್ನು ಇಂದಿಗೂ ಇತಿಹಾಸಕಾರರು ಓದುತ್ತಾರೆ. ಇಲ್ಲಿನ ಜನರೊಂದಿಗೆ ಬೆರೆತು, ಅವರ ಜೊತೆಯಲ್ಲೇ ಶಿವರಾತ್ರಿಗೆ ಶ್ರೀಶೈಲಕ್ಕೂ ಹೋಗಿಬಂದ. ಕುದುರೆ ಮಾರಿದ ಮೇಲೂ ಅವನಿಗೆ ಬೀದರ್ ಎಲ್ಲೂ ದೂರವಾಗಲಿಲ್ಲ. ಊರಿನವರು ಹೇಗೆ ಓಡಾಡುತ್ತಾರೋ ಹಾಗೆ ಓಡಾಡಿದ್ದರಿಂದಲೇ ಊರು ಅವನಿಗೆ ದಕ್ಕಿತು.

‘ಕೋಟೆ, ಮದರಸಾ ಸರಿ, ಅಷ್ಟೂರಿಗೇನು ಮಾಡುತ್ತೀರಿ’ ಎಂಬುದು ಕಾರಿನ ಪರವಾಗಿ ಮೊದಲು ಬರುವ ಪ್ರಶ್ನೆ. ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರು ನಗರದಿಂದ ಮೂರು ಕಿಲೋಮೀಟರಿನಷ್ಟು ದೂರ. ಆಟೊ ಹಿಡಿದರೆ ಹತ್ತು ನಿಮಿಷ. ಬೆಳಗಿನ ತಂಪಿನಲ್ಲಿ ನಡೆದರೆ ಮುಕ್ಕಾಲು ಗಂಟೆ. ದಾರಿಯಲ್ಲೇ ಹಜ್ರತ್ ಖಲೀಲುಲ್ಲಾ ಅವರ ಚೌಖಂಡಿ, ಎಂಟು ಮೂಲೆಯ ಕಟ್ಟಡ, ಬಾಗಿಲ ಸುತ್ತ ಕರಿಕಲ್ಲಿನಲ್ಲಿ ಕೊರೆದ ಅಕ್ಷರಗಳು. ಕಾರಿನವರಲ್ಲಿ ಬಹಳಷ್ಟು ಮಂದಿ ಇದನ್ನು ಹಾದುಹೋಗುವಾಗ ಓರೆಗಣ್ಣಲ್ಲಿ ನೋಡಿ ಮುಂದೆ ಸಾಗುತ್ತಾರೆ. ಅಷ್ಟೂರಿನಲ್ಲಿ ಸಿಡಿಲಿಗೆ ಸೀಳಿ ಅರ್ಧ ಮಾತ್ರ ನಿಂತಿರುವ ಬಹಮನಿ ಸುಲ್ತಾನ ಹುಮಾಯೂನನ ಗೋರಿ ಇದೆ. 1436ರಲ್ಲಿ ತೀರಿಕೊಂಡ ಅಹ್ಮದ್ ಷಾ ವಲಿಯ ಗೋರಿಯ ಒಳಗೋಡೆಯ ಬಣ್ಣಗಳನ್ನು ನೋಡಬೇಕಾದರೆ ಅಲ್ಲಿನ ಕಾವಲಿನವರು ಬಾಗಿಲ ಬಳಿ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಹಾಯಿಸಬೇಕು. ಇದಕ್ಕೆಲ್ಲ ಬೇಕಾದದ್ದು ಸಮಯ. ಹೊರಗೆ ಮೀಟರ್ ಓಡುತ್ತಿರುವ ಬಾಡಿಗೆ ಕಾರು, ಇನ್ನೂ ನಾಲ್ಕು ಸ್ಥಳ ಬಾಕಿ ಇವೆ ಎಂದು ಗಡಿಯಾರ ನೋಡುವ ಚಾಲಕ, ಇವು ಆ ಸಮಯವನ್ನೇ ಕಸಿಯುತ್ತವೆ.

ಅಷ್ಟೂರಿಗೆ ಬರುವವರಲ್ಲಿ ಅತಿ ಗೌರವದ ಅತಿಥಿ ನಡೆದೇ ಬರುತ್ತಾರೆ ಎಂಬುದನ್ನು ಕಾರಿನ ವಕೀಲರು ಗಮನಿಸಬೇಕು. ಹೋಳಿ ಹುಣ್ಣಿಮೆಯ ನಂತರ, ಹಿಂದೂ ಪಂಚಾಂಗದ ಲೆಕ್ಕದಲ್ಲಿ ಅಹ್ಮದ್ ಷಾ ವಲಿಯ ಉರುಸು ನಡೆಯುತ್ತದೆ. ಮುಸ್ಲಿಮರಿಗೆ ವಲಿ, ಹಿಂದೂಗಳಿಗೆ ಅಲ್ಲಮಪ್ರಭು. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ತಮ್ಮ ಪರಿವಾರದೊಂದಿಗೆ ಕಾಲ್ನಡಿಗೆಯಲ್ಲಿ ಹೊರಟು ಬಂದು, ಶಂಖ ಊದಿ ಹೂವು ಏರಿಸುವುದು ಈ ಉರುಸಿನ ವಾಡಿಕೆ. ಬೀದರಿನ ಸ್ಮಾರಕಗಳ ಬಗ್ಗೆ 1947ರಲ್ಲಿ ದೊಡ್ಡ ಗ್ರಂಥ ಹೊರತಂದ ಗುಲಾಂ ಯಜ್ದಾನಿ ಅವರೂ ಈ ವಾಡಿಕೆಯನ್ನು ದಾಖಲಿಸಿದ್ದಾರೆ. ಸುತ್ತಲ ಹಳ್ಳಿಗಳ ಜನ ಬಸ್ಸು, ಟಂಟಂ, ಟ್ರ್ಯಾಕ್ಟರು, ಕಾಲ್ನಡಿಗೆ ಹೀಗೆ ಸಿಕ್ಕಿದ್ದರಲ್ಲಿ ಬಂದು ಸೇರುತ್ತಾರೆ. ಬೀದರಿಗೆ ಪ್ರವಾಸ ಎಂಬುದು ನೆನ್ನೆ ಮೊನ್ನೆ ಹುಟ್ಟಿದ ಉದ್ಯಮವಲ್ಲ. ಅದರ ಹಳೆಯ ರೂಪ ಈ ಯಾತ್ರೆ. ಅದು ನಡೆದದ್ದು ಕಾರಿಲ್ಲದವರಿಂದ.

ಅವರು ಯಾರು? ಅದನ್ನು ತಿಳಿಯಲು ಹಲಬರ್ಗಾದಂಥ ಊರಿನ ಕಡೆ ತಿರುಗಬೇಕು. ಬೀದರ್ ಮತ್ತು ಭಾಲ್ಕಿಯ ನಡುವೆ, ವಿಕಾರಾಬಾದಿನಿಂದ ಪರಳಿ ವೈಜನಾಥಕ್ಕೆ ಹೋಗುವ ರೈಲು ದಾರಿಯ ಮೇಲೆ ಇರುವ ಊರು. ಈ ಹಳಿಗಳು ನಿಜಾಮರ ಕಾಲದವು. ಖಾನಾಪುರ, ಹಲಬರ್ಗಾ, ಭಾಲ್ಕಿ, ಕಮಲನಗರ ಹೀಗೆ ನಿಲ್ದಾಣಗಳು ಸಾಲಾಗಿ ಬರುತ್ತವೆ. ಹಲಬರ್ಗಾದ ಜನ ಬೀದರಿಗೆ ಹೋಗುವುದು ದವಾಖಾನೆಗೆ, ಕೋರ್ಟಿಗೆ, ಕಾಲೇಜಿಗೆ, ಸಂತೆ ಬಜಾರಿಗೆ. ನೆಂಟರು ಬಂದರೆ ಅವರನ್ನು ಕರೆದುಕೊಂಡು ನಾನಕ್ ಝೀರಾ ಗುರುದ್ವಾರಕ್ಕೆ, ಝರಣಿ ನರಸಿಂಹನ ಗುಹೆಗೆ, ಕೋಟೆಗೂ ಹೋಗುತ್ತಾರೆ. ಎಲ್ಲವೂ ರೈಲಿನಲ್ಲಿ, ಸರ್ಕಾರಿ ಬಸ್ಸಿನಲ್ಲಿ, ಟಂಟಂನಲ್ಲಿ. ಪಕ್ಕದ ಖಾನಾಪುರದಲ್ಲಿ ಮೈಲಾರ ಮಲ್ಲಣ್ಣನ ಗುಡಿ ಇದೆ. ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣ ಮೂರೂ ಕಡೆಯ ಒಕ್ಕಲು ಈ ದೇವರಿಗಿದೆ. ಜಾತ್ರೆಯ ದಿನಗಳಲ್ಲಿ ಮೈತುಂಬ ಭಂಡಾರ ಬಳಿದುಕೊಂಡು ಬರುವ ಆ ಜನಸಾಗರ ಕಾರು ನಿಲ್ಲಿಸಲು ಜಾಗವಿದೆಯೇ ಎಂದು ಕೇಳಿ ಮನೆ ಬಿಟ್ಟದ್ದಲ್ಲ.

ಕಾರಿಲ್ಲದೆ ಬೀದರ್ ನೋಡಲಾಗದು ಎಂದಾಗ, ಹೇಳುವವರಿಗೆ ತಿಳಿಯದೆಯೇ ಈ ಜನರೆಲ್ಲ ಲೆಕ್ಕದಿಂದ ಹೊರಗೆ ಬೀಳುತ್ತಾರೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಕಾರು, ಜೀಪು ಅಥವಾ ವ್ಯಾನು ಇದ್ದ ಕುಟುಂಬಗಳು ನೂರಕ್ಕೆ 4.7. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಅದು ನೂರಕ್ಕೆ ಸುಮಾರು 8 ಆಗಿತ್ತು. ಉಳಿದ 92 ಮನೆಗಳಿಗೆ ಕಾರಿಲ್ಲ. ನೂರರಲ್ಲಿ ಎಂಟು ಮನೆಗಳ ಅನುಕೂಲವನ್ನೇ ಅಳತೆಗೋಲು ಮಾಡಿಕೊಂಡು ಒಂದು ಜಿಲ್ಲೆಯ ಪ್ರವಾಸವನ್ನು ಅಳೆಯುವುದು ನ್ಯಾಯವಲ್ಲ. ಔರಾದಿನ ಶಾಲೆಯ ಹುಡುಗಿ, ಹಲಬರ್ಗಾದ ಅಜ್ಜಿ ಬೀದರಿನ ಕೋಟೆಗೆ ಪ್ರವಾಸಿಗರಲ್ಲವೇ? ಸೋಲಾ ಖಂಬಾ ಮಸೀದಿಯ ಸಾಲುಕಂಬಗಳು, ರಂಗೀನ್ ಮಹಲಿನ ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪು ಅವರವೂ ಹೌದು. ಹೊರರಾಜ್ಯದ ಕಾರುಗಳನ್ನು ಎಣಿಸಿ ಪ್ರವಾಸೋದ್ಯಮ ಬೆಳೆಯಿತೆಂದು ಹಿಗ್ಗುವವರು, ಜಿಲ್ಲೆಯ ಮಕ್ಕಳಲ್ಲಿ ಎಷ್ಟು ಮಂದಿ ಈ ಕೋಟೆಯ ಒಳಗೆ ಕಾಲಿಟ್ಟಿದ್ದಾರೆ ಎಂದು ಕೇಳಿಕೊಳ್ಳಬೇಕು.

ಇನ್ನು ಬೀದರಿಗೆ ಬರುವ ದಾರಿ. ಬೆಂಗಳೂರಿನ ಯಶವಂತಪುರದಿಂದ ಬೀದರಿಗೇ ಬಂದು ನಿಲ್ಲುವ ಎಕ್ಸ್‌ಪ್ರೆಸ್ ರೈಲಿದೆ. ಸಂಜೆ ಹತ್ತಿ ಮಲಗಿದರೆ ಬೆಳಗ್ಗೆ ಬೀದರ್. 700 ಕಿಲೋಮೀಟರ್ ಕಾರು ಓಡಿಸಿ ಬಂದವರು ಮೊದಲ ದಿನವನ್ನು ದಣಿವಿಗೇ ಕೊಡುತ್ತಾರೆ, ಮರಳುವ ಚಿಂತೆಯಲ್ಲಿ ಕೊನೆಯ ದಿನವನ್ನೂ ಕಳೆಯುತ್ತಾರೆ. ಹೈದರಾಬಾದಿನಿಂದ ರೈಲೂ ಇದೆ, ಬಸ್ಸೂ ಇದೆ. ಕಲಬುರಗಿಯಿಂದ ಬರುವ 110 ಕಿಲೋಮೀಟರ್ ರೈಲು ಮಾರ್ಗ 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾಯಿತು. ಅದಕ್ಕಾಗಿ ಜಿಲ್ಲೆಯ ಜನ ಎರಡು ದಶಕ ಕಾದಿದ್ದಾರೆ. ಅದರಿಂದ ಹುಮನಾಬಾದೂ ರೈಲಿನ ನಕ್ಷೆಗೆ ಬಂತು. ಇಷ್ಟು ಕಾದು ಪಡೆದ ಹಳಿಯನ್ನು ಪ್ರವಾಸದ ಮಾತು ಬಂದಾಗ ಮರೆಯುವುದು ತಪ್ಪು. 2020ರ ಫೆಬ್ರುವರಿಯಲ್ಲಿ ಬೀದರಿಗೆ ನಾಗರಿಕ ವಿಮಾನ ಬಂದಾಗ ಪ್ರವಾಸೋದ್ಯಮದ ಭವಿಷ್ಯವೇ ಬದಲಾಯಿತೆಂದು ಮಾತಾಡಿದರು. ಆ ಸೇವೆ ನಡುವೆ ನಿಂತೂ ಹೋಯಿತು. ಆಗಲೂ ಹಲಬರ್ಗಾದ ಹಳಿಯ ಮೇಲೆ ರೈಲು ಓಡುತ್ತಲೇ ಇತ್ತು.

ಸಾರ್ವಜನಿಕ ಸಾರಿಗೆಯೆಂದರೆ ಈ ನಾಡಿಗೆ ಹೊಸದೂ ಅಲ್ಲ. ಬೀದರ್ ಆಗ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮ ಸರ್ಕಾರದ ರೈಲ್ವೆ ಇಲಾಖೆ 1932ರಲ್ಲೇ 27 ಬಸ್ಸುಗಳೊಂದಿಗೆ ಸರ್ಕಾರಿ ಬಸ್ ಸೇವೆ ಶುರು ಮಾಡಿತ್ತು. ರೈಲು ಮತ್ತು ಬಸ್ಸು ಒಂದೇ ಕೈಯಲ್ಲಿದ್ದ ಆ ವ್ಯವಸ್ಥೆಯಲ್ಲಿ ಒಂದನ್ನಿಳಿದು ಇನ್ನೊಂದನ್ನು ಹತ್ತುವ ಯೋಚನೆಗೆ ಜಾಗವಿತ್ತು. 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಬಂತು. ರಾಜ್ಯದ ಸಾರಿಗೆ ನಿಗಮದಿಂದ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯಾಗಿ 2000ದಲ್ಲಿ ಬೇರೆಯಾದದ್ದು ಈಗ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಅಂದಿನಿಂದ ರಾಜ್ಯದ ದೇವಸ್ಥಾನಗಳಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಏರಿದ್ದನ್ನು ಎಲ್ಲರೂ ಕಂಡಿದ್ದಾರೆ. ಗಂಡನ ಮುಂದೆ, ಮಗನ ಮುಂದೆ ಕೈಚಾಚದೆ ಊರು ನೋಡಹೊರಟ ಲಕ್ಷಾಂತರ ಹೆಂಗಸರು ಈ ನಾಡಿನ ಹೊಸ ಪ್ರವಾಸಿಗರು. ಅವರಲ್ಲಿ ಕಾರಿನಲ್ಲಿ ಬಂದವರಿಲ್ಲ. ಅವರನ್ನು ನೂಕುನುಗ್ಗಲು ಎಂದು ಹೀಗಳೆಯುವವರೇ ಕಾರುಗಳ ಸಾಲನ್ನು ಪ್ರವಾಸೋದ್ಯಮದ ಬೆಳವಣಿಗೆ ಎನ್ನುತ್ತಾರೆ.

ಕಾರಿನ ಪರವಾಗಿ ಇರುವ ಗಟ್ಟಿ ವಾದಗಳನ್ನು ಮರೆಮಾಚಬೇಕಿಲ್ಲ. ವಯಸ್ಸಾದವರು, ನಡೆಯಲಾಗದವರು, ಹಸುಗೂಸು ಎತ್ತಿಕೊಂಡವರು ಇರುತ್ತಾರೆ. ಬೀದರ್ ಸಮುದ್ರಮಟ್ಟದಿಂದ 2,000 ಅಡಿಗೂ ಎತ್ತರದ ಪ್ರಸ್ಥಭೂಮಿಯ ಅಂಚಿನಲ್ಲಿದ್ದರೂ ಏಪ್ರಿಲ್, ಮೇ ತಿಂಗಳ ಬಿಸಿಲು ಬಿಸಿಲೇ. ಅಂಥವರಿಗೆ ವಾಹನ ಬೇಕು, ನಿಜ. ಆದರೆ ಆ ವಾಹನ ಆಟೊ ಆಗಬಹುದು. ನಗರದೊಳಗೆ ಒಂದು ಸ್ಥಳದಿಂದ ಇನ್ನೊಂದಕ್ಕೆ ಆಟೊದಲ್ಲಿ ಹೋಗಿ, ಬೇಕಾದಷ್ಟು ಹೊತ್ತು ಇದ್ದು, ಇನ್ನೊಂದು ಆಟೊ ಹಿಡಿದರಾಯಿತು, ಹೊರಗೆ ಕಾರು ಕಾಯುತ್ತಿರಬೇಕಿಲ್ಲ. ಬಹಮನಿಗಳ ನಂತರದ ಬರೀದ್ ಷಾಹಿ ಸುಲ್ತಾನರ ಗೋರಿಗಳು ಬಸ್ ನಿಲ್ದಾಣದ ಕಡೆಯಲ್ಲೇ ಇವೆ. 1514ರ ಆಸುಪಾಸಿನಲ್ಲಿ ಗುರು ನಾನಕರು ಬಂದರೆಂದು ನಂಬುವ, ಸಿಹಿನೀರಿನ ಚಿಲುಮೆಯ ನಾನಕ್ ಝೀರಾ ಕೂಡ ದೂರವಲ್ಲ. ಅಲ್ಲಿ ಲಂಗರಿನ ಊಟಕ್ಕೆ ಕೂತವರನ್ನು ಹೇಗೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ. ಝರಣಿ ನರಸಿಂಹನ ಗುಹೆ ತೆರೆದಿರುವಾಗ ಸುಮಾರು 300 ಮೀಟರ್ ಸುರಂಗದಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದೇ ದೇವರ ಮುಂದೆ ನಿಲ್ಲಬೇಕು.

ಎರಡನೆಯ ವಾದ ಬಸವಕಲ್ಯಾಣದ್ದು. ಅದು ಬೀದರಿನಿಂದ ಸುಮಾರು 80 ಕಿಲೋಮೀಟರ್ ದೂರ, ರೈಲಿಲ್ಲ. ಹೀಗಾಗಿ ಕಾರೇ ಗತಿ ಎನ್ನುತ್ತಾರೆ. ಬೀದರಿನಿಂದಲೂ ಹುಮನಾಬಾದಿನಿಂದಲೂ ಬಸ್ಸುಗಳು ಹೋಗುತ್ತಿರುವಾಗ ಈ ಮಾತಿಗೆ ಅರ್ಥವಿಲ್ಲ. ಊರಿಗೆ ಇಳಿದ ಮೇಲೆ ಕೋಟೆ, ಬಸವೇಶ್ವರ ಗುಡಿ, ಶರಣರ ಗವಿಗಳು, 108 ಅಡಿಯ ಬಸವಣ್ಣನ ಪ್ರತಿಮೆ ಎಲ್ಲವೂ ಆಟೊ ಅಳತೆಯವು. ಒಂದೇ ದಿನದಲ್ಲಿ ಬೀದರ್, ಬಸವಕಲ್ಯಾಣ, ಹುಮನಾಬಾದ್ ಮೂರನ್ನೂ ಮುಗಿಸಬೇಕು ಎಂದು ಹೊರಟರೆ ಮಾತ್ರ ಕಾರು ಬೇಕು. ಹಾಗೆ ಮುಗಿಸುವುದೇ ತಪ್ಪು. ಕಾಯಕ, ದಾಸೋಹದ ಮಾತು ಹುಟ್ಟಿದ ನೆಲದಲ್ಲಿ ಒಂದು ರಾತ್ರಿಯಾದರೂ ಉಳಿಯದೆ, ಪ್ರತಿಮೆಯ ಮುಂದೆ ಚಿತ್ರ ತೆಗೆಸಿಕೊಂಡು ಹೋದವರು ಬಸವಕಲ್ಯಾಣ ನೋಡಿದರು ಎನ್ನಲಾಗದು. ಜಲಸಂಗ್ವಿಯ ಚಾಲುಕ್ಯ ದೇಗುಲ, ಅದರ ಗೋಡೆಯಲ್ಲಿ ಶಾಸನ ಬರೆಯುತ್ತ ನಿಂತ ಶಿಲಾಬಾಲಿಕೆಯನ್ನು ನೋಡಲು ಹುಮನಾಬಾದಿನಿಂದ ಆಟೊ ಗೊತ್ತು ಮಾಡಿಕೊಂಡರೆ ಸಾಕು. ಅರ್ಧ ದಿನದ ಆಟೊ ಬಾಡಿಗೆ ಮೂರು ದಿನದ ಕಾರಿನ ಖರ್ಚಿಗೆ ಸಮನಾಗುವುದಿಲ್ಲ.

ಮೂರನೆಯ ವಾದ ಔರಾದಿನದು, ಅದರಲ್ಲಿ ನಿಜ ಇದೆ. ಬೀದರಿನಿಂದ ಜನವಾಡಾ, ಕೌಠಾ, ಸಂತಪೂರ ದಾಟಿ ಮಾಂಜ್ರಾ ನದಿಯ ಆಚೆಗಿನ ಔರಾದ್ ಮುಟ್ಟಬೇಕು. ಅಮರೇಶ್ವರನ ಊರು. ರೈಲಿಲ್ಲ. ಸಂಜೆಯಾದಂತೆ ಬಸ್ಸುಗಳು ವಿರಳವಾಗುತ್ತವೆ, ಒಳ ಹಳ್ಳಿಗಳಿಗೆ ಇನ್ನೂ ಕಷ್ಟ. ಆಗ ಜನ ಕ್ರೂಸರಿನಲ್ಲಿ ಕಿಕ್ಕಿರಿದು ಕೂರುತ್ತಾರೆ. ಇದನ್ನು ಕಂಡು ‘ಅದಕ್ಕೇ ಕಾರು ಬೇಕು’ ಎನ್ನುವುದು ರೋಗ ಕಂಡು ಔಷಧಿ ಕೊಡದೆ, ರೋಗಿಯನ್ನು ಊರು ಬಿಡಿಸಿದ ಹಾಗೆ. ಔರಾದಿಗೆ ಹೋಗುವ ಪ್ರವಾಸಿ ವರ್ಷಕ್ಕೊಮ್ಮೆ ಬಂದಾನು. ಔರಾದಿನವರು ದಿನವೂ ಬೀದರಿಗೆ ಬರಬೇಕು. ಪ್ರವಾಸಿ ಕಾರು ತಂದರೆ ಅವನ ಕಷ್ಟ ತೀರುತ್ತದೆ, ಊರಿನದು ತೀರುವುದಿಲ್ಲ. ಸಂಜೆಗೆ ಇನ್ನೆರಡು ಬಸ್ಸು ಬಂದರೆ ಇಬ್ಬರದೂ ತೀರುತ್ತದೆ. ಔರಾದಿನ ಮೇಲೆ ನಾಂದೇಡಿಗೆ ರೈಲು ಬೇಕೆಂಬ ಬೇಡಿಕೆ ಹಳೆಯದು. ಅದನ್ನು ಪ್ರವಾಸೋದ್ಯಮದವರು ತಮ್ಮ ಬೇಡಿಕೆಯೂ ಹೌದೆಂದು ಹೇಳಬೇಕಿತ್ತು. ಅವರಿಂದ ಬಂದ ಬೇಡಿಕೆಗಳಲ್ಲಿ ಪಾರ್ಕಿಂಗ್ ಜಾಗದ ಮಾತೇ ಹೆಚ್ಚು.

ಪಾರ್ಕಿಂಗ್ ಎಂಬುದು ಹಳೆಯ ಊರಿನ ಪಾಲಿಗೆ ಸಣ್ಣ ಮಾತಲ್ಲ. ಬೀದರಿನ ಚಾರಿತ್ರಿಕ ನಗರವನ್ನು ವಿಶ್ವ ಸ್ಮಾರಕ ನಿಧಿ 2014ರಲ್ಲಿ ಗಮನ ಬೇಕಾದ ತಾಣಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷ ದಖ್ಖನ್ ಸುಲ್ತಾನರ ಸ್ಮಾರಕಗಳು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಬಂದವು, ಅದರಲ್ಲಿ ಬೀದರ್ ಇದೆ. ಕೋಟೆ, ಗೋರಿಗಳ ಜೊತೆಗೆ ನೆಲದಡಿಯಲ್ಲಿ ನೀರು ಹರಿಸಿದ ನೌಬಾದಿನ ಕರೇಜ್ ಕೂಡ ಇಲ್ಲಿನ ಸಂಪತ್ತು. ಬಾವಿ ಬಾವಿಗಳನ್ನು ಒಳಗಿಂದಲೇ ಜೋಡಿಸಿದ ಆ ಸುರಂಗದ ಮೇಲಿನ ನೆಲ ಭಾರದ ಗಾಡಿಗಳಿಗಾಗಿ ಹುಟ್ಟಿದ್ದಲ್ಲ. ಹುಲಿಗಳ ಕೆತ್ತನೆಯಿರುವ ಶರ್ಜಾ ದರವಾಜಾದ ಕಮಾನು ಆನೆ, ಕುದುರೆ, ಮನುಷ್ಯರ ಅಳತೆಯದು. ಕಾರು ಹೆಚ್ಚಿದಂತೆ ಬೀದಿ ಅಗಲವಾಗಬೇಕು ಎನ್ನುತ್ತಾರೆ. ಬೀದಿ ಅಗಲ ಮಾಡುವ ಮಾತು ಎದ್ದಾಗ ಮೊದಲು ಕಣ್ಣು ಬೀಳುವುದು ಹಳೆಯ ಗೋಡೆ, ಹಳೆಯ ಜಗಲಿಗಳ ಮೇಲೆ. ನೋಡಲು ಬಂದವರಿಗೆ ದಾರಿ ಮಾಡಲು ನೋಡಬೇಕಾದದ್ದನ್ನೇ ಕೆಡವಿದರೆ ಆಮೇಲೆ ಯಾರು ಏಕೆ ಬರಬೇಕು?

ಕಾರಿಲ್ಲದಿದ್ದರೆ ಪ್ರವಾಸಿಗರು ಬರುವುದಿಲ್ಲ ಎಂಬ ಭಯಕ್ಕೆ ನಿಜವಾದ ದ್ವೀಪಗಳೇ ಉತ್ತರ ಕೊಟ್ಟಿವೆ. ಉಡುಪಿಯ ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವವರು ಗಾಡಿ ದಡದಲ್ಲೇ ಬಿಡಬೇಕು. ಆದರೂ ರಜೆ ಬಂದರೆ ದೋಣಿಗೆ ಸಾಲು ನಿಲ್ಲುತ್ತದೆ. ಅಮೆರಿಕದ ಮಿಷಿಗನ್ ರಾಜ್ಯದ ಮ್ಯಾಕಿನಾಕ್ ದ್ವೀಪ 1898ರಲ್ಲೇ ಮೋಟಾರು ಗಾಡಿಗಳನ್ನು ನಿಷೇಧಿಸಿತು. ಇಂದಿಗೂ ಅಲ್ಲಿ ಸೈಕಲ್ಲು, ಕುದುರೆಗಾಡಿ. ಅದರಿಂದ ಆ ದ್ವೀಪ ಪ್ರವಾಸಿಗರನ್ನು ಕಳೆದುಕೊಳ್ಳಲಿಲ್ಲ, ಗಾಡಿಯ ಸದ್ದಿಲ್ಲದ ಬೀದಿಗಳಿಗಾಗಿಯೇ ಜನ ಹುಡುಕಿಕೊಂಡು ಹೋಗುತ್ತಾರೆ. ನೆಲದ ಮೇಲಿನ ಉದಾಹರಣೆ ಬೇಕಾದರೆ ಪಕ್ಕದ ಮಹಾರಾಷ್ಟ್ರದ ಮಾಥೇರಾನ್ ಇದೆ. ಪ್ರವಾಸಿಗರ ಗಾಡಿ ದಸ್ತೂರಿ ನಾಕಾದಲ್ಲೇ ನಿಲ್ಲಬೇಕು. 1907ರಿಂದ ಓಡುತ್ತಿರುವ ನೇರಳ್–ಮಾಥೇರಾನ್ ಪುಟಾಣಿ ರೈಲೇ ಆ ಗಿರಿಧಾಮದ ಹೆಗ್ಗುರುತು.

ನಮ್ಮದೇ ಶ್ರೀರಂಗಪಟ್ಟಣವನ್ನು ನೋಡಿ. ಕಾವೇರಿಯ ನಡುವಿನ ಆ ದ್ವೀಪದ ಮೇಲೆಯೇ ರೈಲು ನಿಲ್ದಾಣವಿದೆ. ಇಳಿದವರು ಶ್ರೀರಂಗನಾಥನ ಗುಡಿಗೆ ನಡೆದೇ ಹೋಗುತ್ತಾರೆ. ಬೆಂಗಳೂರು–ಮೈಸೂರು ಜೋಡಿ ಹಳಿಗೆ ಅಡ್ಡ ಬಂದ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಬುಡಸಮೇತ ಎತ್ತಿ ಪಕ್ಕಕ್ಕೆ ಸರಿಸಿದರು. ರೈಲೂ ಉಳಿಯಿತು, ಸ್ಮಾರಕವೂ ಉಳಿಯಿತು. ಅಲ್ಲಿ ಎರಡನ್ನೂ ಉಳಿಸಲು ಮನಸ್ಸು ಮಾಡಿದವರು ಬೀದರಿನಲ್ಲೂ ಮಾಡಬಹುದು.

ಬೀದರಿಗೆ ಇದರಷ್ಟು ಕಷ್ಟದ ಕೆಲಸ ಏನೂ ಇಲ್ಲ. ರೈಲು ಬಂದು ನಿಲ್ಲುವ ಹೊತ್ತಿಗೆ ನಿಲ್ದಾಣದ ಹೊರಗೆ ಒಂದು ಬಸ್ಸು ಕಾದಿರಬೇಕು. ಅದು ಬಸ್ ನಿಲ್ದಾಣ, ನಾನಕ್ ಝೀರಾ, ಚೌಬಾರಾ, ಮದರಸಾ, ಕೋಟೆ, ಅಷ್ಟೂರು ಹೀಗೆ ಸುತ್ತುತ್ತ ದಿನವಿಡೀ ಓಡಬೇಕು. ಟಿಕೆಟ್ ಒಮ್ಮೆ ಕೊಂಡರೆ ಇಡೀ ದಿನಕ್ಕೆ ಸಲ್ಲಬೇಕು. ಊರಿಗೆ ಬಂದವರು ಬ್ಯಾಗು ಇಟ್ಟು ನಿರಾಳವಾಗಿ ತಿರುಗಲು ಸಾಮಾನು ಕೊಠಡಿ ಬೇಕು. ಆಟೊ ದರದ ಫಲಕ ಕನ್ನಡದಲ್ಲಿ, ಎಲ್ಲರಿಗೂ ಕಾಣುವಲ್ಲಿ ಇರಬೇಕು. ಕೋಟೆಯ ಬಾಗಿಲ ಹೊರಗೆ ಗಾಡಿ ನಿಲ್ಲಬೇಕು. ಒಳಗೆ ನಡೆಯಲಾಗದವರಿಗೆ ಮಾತ್ರ ಬ್ಯಾಟರಿ ಗಾಡಿ ಇರಲಿ. ಖಾನಾಪುರ, ಹಲಬರ್ಗಾ, ಭಾಲ್ಕಿ, ಕಮಲನಗರದ ನಿಲ್ದಾಣಗಳಲ್ಲಿ ರೈಲಿನ ವೇಳೆಯ ಜೊತೆಗೆ ಅಲ್ಲಿಂದ ಹೊರಡುವ ಬಸ್ಸಿನ ವೇಳೆಯನ್ನೂ ಬರೆದು ಹಾಕಬೇಕು. ಒಂದು ಮೇಲ್ಸೇತುವೆಯ ಖರ್ಚಿನ ಮುಂದೆ ಇವು ಲೆಕ್ಕಕ್ಕೇ ಇಲ್ಲ.

ಭಾಲ್ಕಿಯ ಹೆಸರು ಬಂದಾಗ ಅಲ್ಲಿನ ಹಿರೇಮಠದ ಚನ್ನಬಸವ ಪಟ್ಟದ್ದೇವರನ್ನು ನೆನೆಯದೆ ಮುಂದೆ ಹೋಗಲಾಗದು. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದವರು, ಗಡಿಯ ಈ ನೆಲದಲ್ಲಿ ಕನ್ನಡ ಉಳಿಸಿದವರು. ಅವರ ಮಠ, ಅವರು ಹುಟ್ಟಿದ ಕಮಲನಗರ ಎರಡೂ ಹಲಬರ್ಗಾದ ರೈಲಿನಲ್ಲೇ ಸಿಗುವ ಊರುಗಳು. ಕಾರಿನ ಪ್ರವಾಸಗಳ ಪಟ್ಟಿಯಲ್ಲಿ ಇವುಗಳಿಗೆ ಜಾಗ ಸಿಗುವುದು ಕಡಿಮೆ, ಏಕೆಂದರೆ ಆ ಪಟ್ಟಿಗಳು ಹೈದರಾಬಾದಿನಿಂದ ಬಂದು ಹೈದರಾಬಾದಿಗೆ ಮರಳುವ ಹೆದ್ದಾರಿಯನ್ನು ನೋಡಿ ಬರೆದವು. ಕನ್ನಡದ ಕಥೆಯಾಗಿ ಬೀದರ್ ಜಿಲ್ಲೆಯನ್ನು ತಿಳಿಯಬೇಕೆನ್ನುವವರು ಈ ಹಳಿಯನ್ನು ಹಿಡಿಯಬೇಕು.

ಬೀದರಿಗೆ ಬರಬೇಕೆಂದಿರುವ ಓದುಗರಲ್ಲಿ ಒಂದು ಮನವಿ. ಕಾರಿಲ್ಲವೆಂದು ಪ್ರವಾಸ ಮುಂದೂಡಬೇಡಿ, ಕಾರಿದ್ದರೂ ಮನೆಯಲ್ಲೇ ಬಿಟ್ಟು ಬನ್ನಿ. ಅಕ್ಟೋಬರಿನಿಂದ ಫೆಬ್ರುವರಿಯೊಳಗೆ ರಾತ್ರಿ ರೈಲು ಹತ್ತಿ, ಮೂರು ದಿನ ಇಟ್ಟುಕೊಂಡು ಬನ್ನಿ. ಬಸ್ಸು ಸಿಗದೆ ಕಾಯಬೇಕಾಗಿ ಬಂದ ನಿಲ್ದಾಣದ ಹೆಸರು, ಕಾದ ಹೊತ್ತು ಬರೆದಿಟ್ಟುಕೊಂಡು, ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬೀದರ್ ವಿಭಾಗಕ್ಕೂ ಜಿಲ್ಲಾಧಿಕಾರಿಗಳ ಕಚೇರಿಗೂ ಒಂದು ಅರ್ಜಿ ಕೊಟ್ಟು ಹೋಗಿ. ಅದೇ ನಿಲ್ದಾಣದಲ್ಲಿ ನಾಳೆ ಹಲಬರ್ಗಾದವರೂ ಔರಾದಿನವರೂ ಕಾಯಬೇಕು.